ಪಿಯಾನೊ ರಿಪೇರಿಯಲ್ಲಿ ಅಂಟು ಕಚ್ಚುವ ತನಕ: ಕ್ಲ್ಯಾಂಪು, ದಾರ, ಬೆಣೆ, ಬಾಗುಕಡ್ಡಿ – ಯಾವುದು ಎಲ್ಲಿಗೆ?

ಪಿಯಾನೊದೊಳಗೆ ಅಂಟು ಬೀಳುವ ಜಾಗಗಳೆಲ್ಲ ಒಂದೇ ಜಾತಿಯವಲ್ಲ. ಒಂದು ಕಡೆ ಐದೂವರೆ ಮಿ.ಮೀ. ದಪ್ಪದ ಹ್ಯಾಮರ್ ಶ್ಯಾಂಕು (ತಂತಿಗೆ ಬಡಿಯುವ ಹ್ಯಾಮರನ್ನು ಹೊತ್ತ ಮರದ ಕಡ್ಡಿ), ಇನ್ನೊಂದು ಕಡೆ 16ರಿಂದ 20 ಟನ್ ತಂತಿ ಸೆಳೆತಕ್ಕೆ ಎರಕದ ಕಬ್ಬಿಣದ ಪ್ಲೇಟಿನೊಂದಿಗೆ ಎದೆಯೊಡ್ಡಿ ನಿಂತ ಬೆನ್ನಿನ ಚೌಕಟ್ಟು. ಎರಡಕ್ಕೂ ಒಂದೇ ಸಿ-ಕ್ಲ್ಯಾಂಪು ಹಿಡಿದು ಹೊರಟರೆ ಮೊದಲನೆಯದು ಪುಡಿಯಾಗುತ್ತದೆ, ಎರಡನೆಯದು ಅಲುಗುವುದೂ ಇಲ್ಲ. ಯಾವ ಸಾಧನ ಎಂಬುದನ್ನು ಮೂರು ಪ್ರಶ್ನೆಗಳು ತೀರ್ಮಾನಿಸುತ್ತವೆ: ಈ ಅಂಟಿಗೆ ಎಷ್ಟು ಒತ್ತಡ ಬೇಕು, ಒತ್ತಲು ಎದುರುಬದಿಯಲ್ಲಿ ಆಸರೆ ಇದೆಯೇ, ಮತ್ತು ಅಂಟು ಗಟ್ಟಿಯಾಗುವುದರೊಳಗೆ ಎಲ್ಲವನ್ನೂ ಬಿಗಿಯಲು ಸಮಯ ಸಾಕೇ. ಪೆಟ್ಟಿಗೆಯಲ್ಲಿ ಯಾವ ಕ್ಲ್ಯಾಂಪು ಕೈಗೆ ಸಿಕ್ಕಿತು ಎಂಬುದು ನಾಲ್ಕನೆಯ ಪ್ರಶ್ನೆ. ಹೆಚ್ಚಿನವರು ಅದರಿಂದಲೇ ಶುರು ಮಾಡುತ್ತಾರೆ.

ಅಂಟು ಏನು ಕೇಳುತ್ತದೆ

ಹಳದಿ ಮರದಂಟು, ಅಂದರೆ ಪಿವಿಎ ಜಾತಿಯದು, ಒತ್ತಡ ಬೇಡುವ ಅಂಟು. ಸ್ಪ್ರೂಸ್, ಪೈನ್‌ನಂಥ ಮೆದು ಮರಕ್ಕೆ ಚದರ ಸೆಂ.ಮೀ.ಗೆ 7ರಿಂದ 10 ಕಿಲೊ, ಮೇಪಲ್, ಬೀಚ್‌ನಂಥ ಗಟ್ಟಿ ಮರಕ್ಕೆ 12ರಿಂದ 17 ಕಿಲೊ ಎಂಬುದು ತಯಾರಕರು ಕೊಡುವ ಸಾಮಾನ್ಯ ಲೆಕ್ಕ. ಹಚ್ಚಿದ ಮೇಲೆ ಜೋಡಿಸಲು ನಾಲ್ಕಾರು ನಿಮಿಷ, ಬಿಗಿಸಿ ಮುಗಿಸಲು ಒಟ್ಟು 10ರಿಂದ 15 ನಿಮಿಷ. ಕ್ಲ್ಯಾಂಪಿನಲ್ಲಿ ಕನಿಷ್ಠ ಅರ್ಧ ಗಂಟೆ, ಭಾರ ಹೊರಿಸಲು ಒಂದು ದಿನ. ಕೋಣೆ 10 ಡಿಗ್ರಿಗಿಂತ ತಣ್ಣಗಿದ್ದರೆ ಅಂಟು ಸೀಮೆಸುಣ್ಣದಂತೆ ಬೆಳ್ಳಗಾಗಿ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ಇನ್ನೊಂದು ದುರ್ಗುಣವೂ ಉಂಟು: ಸದಾ ಭಾರ ಹೊತ್ತ ಜೋಡಣೆಯಲ್ಲಿ ವರ್ಷಗಟ್ಟಲೆ ನಿಧಾನವಾಗಿ ಜಾರುತ್ತದೆ.

ಪ್ರಾಣಿಗಳ ತೊಗಲಿನಿಂದ ತೆಗೆದ ಬಿಸಿ ಅಂಟು, ಹೈಡ್ ಗ್ಲೂ, ಇದರ ತದ್ವಿರುದ್ಧ. 60ರಿಂದ 63 ಡಿಗ್ರಿಯಲ್ಲಿ ಹಚ್ಚಬೇಕು, ತಣ್ಣಗಿನ ಮರ ತಾಕಿದರೆ ಒಂದೇ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಒಣಗುವಾಗ ಕುಗ್ಗಿ ಎರಡೂ ಮುಖಗಳನ್ನು ತಾನೇ ಹತ್ತಿರ ಎಳೆದುಕೊಳ್ಳುವುದರಿಂದ ಚೆನ್ನಾಗಿ ಹೊಂದುವ ಸಣ್ಣ ಜೋಡಣೆಗೆ ಕ್ಲ್ಯಾಂಪೇ ಬೇಡ; ಉಜ್ಜಿ ಕೂಡಿಸಿ ಬಿಟ್ಟರೆ ಸಾಕು. ಆದರೆ ಎಂಟು ಕ್ಲ್ಯಾಂಪು ಬಿಗಿಯಬೇಕಾದ ಕಡೆ ಎರಡನೆಯದನ್ನು ತಿರುಗಿಸುವಷ್ಟರಲ್ಲಿ ಅಂಟು ಹೆಪ್ಪಾಗಿರುತ್ತದೆ. ಹೆಪ್ಪಾದ ಮೇಲೆ ಎಷ್ಟು ಬಿಗಿದರೂ ದಪ್ಪ ಪದರ ತೆಳುವಾಗುವುದಿಲ್ಲ. ಮರವನ್ನೇ ಬೆಚ್ಚಗೆ ಮಾಡಿಕೊಂಡರೆ ಒಂದೆರಡು ನಿಮಿಷ ಹೆಚ್ಚು ಸಿಗುತ್ತದೆ.

ಎಪಾಕ್ಸಿಗೆ ಒತ್ತಡ ಬೇಡ, ತಾಗಿರುವುದಷ್ಟೇ ಬೇಕು. ಬಲವಾಗಿ ಬಿಗಿದರೆ ರಾಳವೆಲ್ಲ ಹೊರಗೆ ಹರಿದು ಜೋಡಣೆ ಬಡಕಲಾಗುತ್ತದೆ. ತೆಳು ಸೂಪರ್ ಗ್ಲೂ ಕೂದಲೆಳೆಯ ಬಿರುಕಿಗೆ ತಾನೇ ನುಗ್ಗುತ್ತದೆ. ಕೆಲವು ಸೆಕೆಂಡು ಬೆರಳಲ್ಲಿ ಒತ್ತಿ ಹಿಡಿದರೆ ಮುಗಿಯಿತು. ಆದರೆ ಅದು ಗಡುಸು, ಪೆಟ್ಟು ಬಿದ್ದರೆ ಬಿರಿಯುತ್ತದೆ, ಫೆಲ್ಟಿಗೆ ಇಳಿದರೆ ಅದನ್ನು ಕಲ್ಲು ಮಾಡುತ್ತದೆ. ನೊರೆಯುಕ್ಕುವ ಪಾಲಿಯುರೆಥೇನ್ ಅಂಟನ್ನು ಪಿಯಾನೊದಿಂದ ದೂರವಿಡುವುದು ಒಳ್ಳೆಯದು. ಸಂದನ್ನು ತುಂಬುವ ಆ ನೊರೆಗೆ ಬಲವಿಲ್ಲ, ಮುಂದೊಮ್ಮೆ ಬಿಚ್ಚಬೇಕಾದವರಿಗೆ ಅದು ಶಾಪ.

ಲೆಕ್ಕ ಹಾಕಿದರೆ ಏನು ಗೊತ್ತಾಗುತ್ತದೆ

ರಿಬ್ಬಿನ, ಅಂದರೆ ನಾದ ಹೊಮ್ಮಿಸುವ ಸೌಂಡ್‌ಬೋರ್ಡ್ ಹಲಗೆಯ ಹಿಂದೆ ಅಂಟಿಸಿದ ಮರದ ಪಟ್ಟಿಯ, ಒಂದು ತುಂಡು ಬಿಟ್ಟುಕೊಂಡಿದೆ ಎನ್ನಿ: 25 ಮಿ.ಮೀ. ಅಗಲ, 100 ಮಿ.ಮೀ. ಉದ್ದ, ಅಂದರೆ 25 ಚದರ ಸೆಂ.ಮೀ. ಪಿವಿಎ ಕೇಳುವ ಒತ್ತಡ ಕೊಡಲು 175ರಿಂದ 250 ಕಿಲೊ ಬೇಕು. ಕೈಯಲ್ಲಿ ಅದುಮಿ ತೆರೆಯುವ ಸ್ಪ್ರಿಂಗ್ ಕ್ಲಿಪ್ಪು ಕೊಡುವುದು ಕೆಲವೇ ಕಿಲೊ. ಹತ್ತು ಕ್ಲಿಪ್ಪು ಸಾಲಾಗಿ ಕಚ್ಚಿಸಿದರೂ ಅರ್ಧ ದಾರಿ ಮುಟ್ಟುವುದಿಲ್ಲ. ಅಲ್ಲಿ ತಿರುಪಿನ ಕ್ಲ್ಯಾಂಪು ಅಥವಾ ಸ್ಕ್ರೂ ಬೇಕು, ಇಲ್ಲವೇ ಕಡಿಮೆ ಒತ್ತಡಕ್ಕೆ ಒಗ್ಗುವ ಅಂಟಿಗೆ ಬದಲಾಗಬೇಕು. ಕ್ಲಿಪ್ಪಿನ ಜೊತೆ ಪಿವಿಎ ಬಳಸಿ ‘ಅಂಟು ಕಚ್ಚಲಿಲ್ಲ’ ಎಂದು ಅಂಟನ್ನು ಬಯ್ಯುವುದು ಸಾಮಾನ್ಯ ದೃಶ್ಯ.

ಒತ್ತಡ ಮರದೊಳಗೆ ಹರಡುವುದು ಕ್ಲ್ಯಾಂಪಿನ ಬಾಯಿಂದ ಎರಡೂ ಬದಿಗೆ ಸುಮಾರು 45 ಡಿಗ್ರಿ ಕೋನದಲ್ಲಿ. ಬಾಯಿಗೂ ಜೋಡಣೆಗೂ ನಡುವೆ ಇಡುವ ತುಂಡನ್ನು ಇಲ್ಲಿ ಒತ್ತುಪಟ್ಟಿ ಎನ್ನೋಣ. ಅದು 40 ಮಿ.ಮೀ. ದಪ್ಪವಿದ್ದರೆ ಒಂದು ಕ್ಲ್ಯಾಂಪು ಸುಮಾರು 80 ಮಿ.ಮೀ. ಉದ್ದವನ್ನು ಕಾಯುತ್ತದೆ. 10 ಮಿ.ಮೀ. ಪ್ಲೈವುಡ್ ತುಂಡಾದರೆ ಕಾಯುವುದು 20 ಮಿ.ಮೀ. ಮಾತ್ರ, ನಡುವಿನ ಜಾಗ ಬಾಯಿ ಬಿಟ್ಟೇ ಇರುತ್ತದೆ. ಕ್ಲ್ಯಾಂಪಿನ ಸಂಖ್ಯೆ ಹೆಚ್ಚಿಸುವ ಬದಲು ಪಟ್ಟಿಯ ದಪ್ಪ ಹೆಚ್ಚಿಸಿ. ಪಟ್ಟಿಗೂ ಕೆಲಸಕ್ಕೂ ನಡುವೆ ಮೇಣದ ಕಾಗದವೋ ಪಾಲಿಥೀನ್ ಹಾಳೆಯೋ ತಪ್ಪದೆ ಇರಲಿ. ಮರೆತರೆ ಪಟ್ಟಿಯೂ ಪಿಯಾನೊದ ಭಾಗವಾಗಿಬಿಡುತ್ತದೆ. ನೀರಂಶದ ಅಂಟು ತಾಗಿದಲ್ಲಿ ಬರಿ ಕಬ್ಬಿಣದ ಬಾಯಿ ಓಕ್, ಮಹಾಗನಿಯಂಥ ಟ್ಯಾನಿನ್ ಇರುವ ಮರದ ಮೇಲೆ ಕಪ್ಪು ಕಲೆ ಬಿಡುತ್ತದೆ. ಅದನ್ನು ಉಜ್ಜಿ ತೆಗೆಯುವುದು ಸುಲಭವಲ್ಲ.

ಅಂಟಿಲ್ಲದೆ ಒಮ್ಮೆ ಪೂರ್ತಿ ಬಿಗಿದು ನೋಡುವುದು ಎಲ್ಲ ವಿಧಾನಕ್ಕೂ ಕಡ್ಡಾಯ. ಬೆರಳ ಬಲದಲ್ಲಿ ಕೂಡದ ಸಂದು ಕ್ಲ್ಯಾಂಪಿನ ಬಲದಲ್ಲಿ ಕೂಡಿದರೆ, ಬಿಚ್ಚಿದ ದಿನದಿಂದ ಮರ ತನ್ನ ಹಳೆಯ ಆಕಾರಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ. ಹಳೆ ಅಂಟಿನ ಹರಳು, ಮುರಿದ ನಾರು, ದೂಳು ಒಳಗಿರಬಹುದು. ಅದನ್ನು ತೆಗೆಯುವುದು ಬಿಗಿಯುವುದಕ್ಕಿಂತ ಮುಖ್ಯ.

ಒದ್ದೆ ಜೋಡಣೆ ಬಿಗಿಯುವಾಗ ತುಂಡು ಜಾರುತ್ತದೆ. ಬಡಗಿ ಕೆಲಸದಲ್ಲಿ ನಾಲ್ಕು ಹರಳು ಉಪ್ಪು ಉದುರಿಸಿ ಜಾರದಂತೆ ಮಾಡುವುದುಂಟು. ಪಿಯಾನೊದಲ್ಲಿ ಅದು ಬೇಡ: ತಂತಿ, ಪಿನ್ನು, ಸ್ಪ್ರಿಂಗುಗಳಿಗೆ ಉಪ್ಪಿನ ಸಹವಾಸ ತುಕ್ಕಿಗೆ ಆಹ್ವಾನ. ಸಣ್ಣ ಮೊಳೆ ಹೊಡೆದು, ಒಂದು ಮಿ.ಮೀ. ಉಳಿಸಿ ತಲೆ ಕತ್ತರಿಸಿದರೆ ಅದೇ ಕೆಲಸವಾಗುತ್ತದೆ.

ಮುರಿದ ಶ್ಯಾಂಕು: ದಾರವೇ, ಕ್ಲಿಪ್ಪೇ, ರಬ್ಬರೇ?

ಮೊದಲು ಮುರಿತದ ರೂಪ ನೋಡಿ. ನಾರಿನ ಜಾಡು ಹಿಡಿದು 30 ಮಿ.ಮೀ.ಗಿಂತ ಉದ್ದಕ್ಕೆ ಓರೆಯಾಗಿ ಸೀಳಿದ್ದರೆ ಅಂಟಿಸಬಹುದು, ಬಲವೂ ಬರುತ್ತದೆ. ಅಡ್ಡಕ್ಕೆ ಗೆಣ್ಣಿನಂತೆ ಚಟ್ಟನೆ ಮುರಿದಿದ್ದರೆ ಯಾವ ಕ್ಲ್ಯಾಂಪೂ ಉಳಿಸದು, ಶ್ಯಾಂಕನ್ನೇ ಬದಲಿಸಿ.

ಓರೆ ಸೀಳಿಗೆ ದಾರ ಸುತ್ತುವುದು ಹಳೆಯ ವಿಧಾನ, ಇಂದಿಗೂ ಅದೇ ಮೇಲು. ಕಾರಣ ಲೆಕ್ಕದಲ್ಲೇ ಇದೆ. 35 ಮಿ.ಮೀ. ಉದ್ದ, 5.5 ಮಿ.ಮೀ. ಅಗಲದ ಸೀಳಿನ ವಿಸ್ತೀರ್ಣ ಎರಡು ಚದರ ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಗಟ್ಟಿ ಮರವಾದ್ದರಿಂದ 23ರಿಂದ 33 ಕಿಲೊ ಒತ್ತಡ ಬೇಕು. ಒಂದು ಕಿಲೊ ಎಳೆತದಲ್ಲಿ ಸುತ್ತಿದ ದಾರದ ಪ್ರತಿ ಸುತ್ತು ಸೀಳಿನ ಎರಡು ಬದಿಯಿಂದ ಎಳೆಯುವುದರಿಂದ ಎರಡು ಕಿಲೊ ಒತ್ತುತ್ತದೆ. ಇಪ್ಪತ್ತು ಸುತ್ತಿಗೆ 40 ಕಿಲೊ! ಸ್ಪ್ರಿಂಗ್ ಕ್ಲಿಪ್ಪು ಇಷ್ಟು ಕೊಡಲಾರದು, ಕೊಡುವುದನ್ನೂ ಒಂದೇ ಬಿಂದುವಿನಲ್ಲಿ ಕೊಡುತ್ತದೆ. ಉರುಟಾದ ಕಡ್ಡಿಯ ಮೇಲೆ ಚಪ್ಪಟೆ ಬಾಯಿ ಕಚ್ಚಿದಾಗ ಎರಡು ತುಂಡುಗಳು ಓರೆಯ ಇಳಿಜಾರಿನಲ್ಲಿ ಜಾರುವ ಅಪಾಯ ಬೇರೆ. ಜಾರಿದರೆ ಶ್ಯಾಂಕಿನ ಉದ್ದ ಬದಲಾಗಿ ಹ್ಯಾಮರು ತಂತಿಗೆ ಬಡಿಯುವ ಜಾಗವೇ ತಪ್ಪುತ್ತದೆ.

ಕ್ರಮ ಹೀಗೆ. ಒಡೆದ ನಾರುಗಳನ್ನು ಕತ್ತರಿಸಬೇಡಿ. ಅವು ಒಂದರೊಳಗೊಂದು ಹೆಣೆದುಕೊಂಡು ಕೂರಬೇಕು. ಒಣಗಿದ್ದಾಗಲೇ ಕೂಡಿಸಿ ಸಂದು ಮುಚ್ಚುತ್ತದೆಯೇ ನೋಡಿ. ಪಿವಿಎಯನ್ನು ಸೂಜಿಯ ತುದಿಯಿಂದಲೋ ತೆಳು ಬ್ಲೇಡಿನಿಂದಲೋ ಎರಡೂ ಮುಖಕ್ಕೆ ಹಚ್ಚಿ. ಮೇಣ ಹಾಕದ ದಪ್ಪ ಹತ್ತಿ ದಾರ ತೆಗೆದುಕೊಂಡು ಸೀಳಿಗಿಂತ 5 ಮಿ.ಮೀ. ಹಿಂದಿನಿಂದ ಶುರು ಮಾಡಿ. ಮೊದಲ ನಾಲ್ಕು ಸುತ್ತು ದಾರದ ತುದಿಯ ಮೇಲೇ ಹೋಗಲಿ, ಆಗ ಗಂಟು ಬೇಡ. ಸುತ್ತುಗಳ ನಡುವೆ ಒಂದೂವರೆ ಮಿ.ಮೀ. ಬಿಟ್ಟರೆ ಅಂಟು ಉಕ್ಕುವುದು ಕಣ್ಣಿಗೆ ಕಾಣುತ್ತದೆ. ಕೊನೆಯ ಸುತ್ತಿನ ಕೆಳಗೆ ತುದಿ ಸಿಕ್ಕಿಸಿ ಎಳೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಆ್ಯಕ್ಷನ್ನಿನಲ್ಲಿ (ಕೀ ಒತ್ತಿದಾಗ ಹ್ಯಾಮರನ್ನು ಎಸೆಯುವ ಯಂತ್ರಭಾಗದಲ್ಲಿ) ಇಟ್ಟು ಪಕ್ಕದ ಹ್ಯಾಮರುಗಳ ಸಾಲಿನೊಂದಿಗೆ ಎತ್ತರ, ವಾಲು, ತಿರುಚು ಹೊಂದಿಸಿ. ಪಿವಿಎ ಹಿಡಿಯಲು ತಡಮಾಡುವುದು ಇಲ್ಲಿ ಮಾತ್ರ ಉಪಕಾರ.

ಮಾರನೇ ದಿನ ದಾರ ಬಿಚ್ಚಬೇಕೇ? ಅಂಟು ಕುಡಿದ ದಾರ ಬಲ ಕೊಡುತ್ತದೆ, ತೂಕ ಅತ್ಯಲ್ಪ, ಉಳಿಸಿದರೆ ತಪ್ಪಿಲ್ಲ. ಆದರೆ ಹ್ಯಾಮರುಗಳ ನಡುವಿನ ಅಂತರ ಕೇಂದ್ರದಿಂದ ಕೇಂದ್ರಕ್ಕೆ 13–14 ಮಿ.ಮೀ. ಆಸುಪಾಸು, ಬಾಸ್ ಭಾಗದಲ್ಲಿ ಹ್ಯಾಮರುಗಳು ಓರೆಯಾಗಿರುವುದರಿಂದ ಜಾಗ ಇನ್ನೂ ಇಕ್ಕಟ್ಟು. ಪಕ್ಕದ್ದಕ್ಕೆ ಸವರುವುದಾದರೆ ಬಿಚ್ಚಿ.

ರಬ್ಬರ್ ಪಟ್ಟಿ, ಉದಾಹರಣೆಗೆ ಹಳೆ ಸೈಕಲ್ ಟ್ಯೂಬನ್ನು 8 ಮಿ.ಮೀ. ಅಗಲಕ್ಕೆ ಕತ್ತರಿಸಿದ್ದು, ದಾರಕ್ಕಿಂತ ಬೇಗ ಸುತ್ತಬಹುದು, ಒತ್ತಡವೂ ಸಮ. ತೊಂದರೆ ಒಂದೇ: ಸೀಳು ಮುಚ್ಚಿಹೋಗುವುದರಿಂದ ಒಳಗೆ ತುಂಡು ಜಾರಿದ್ದು ಬಿಚ್ಚುವವರೆಗೂ ತಿಳಿಯದು. ಶ್ಯಾಂಕಿಗೆ ದಾರ, ಕಾಲು, ಪೆಡಲ್ ಕಂಬಗಳಂಥ ದಪ್ಪ ಉರುಟು ಭಾಗಗಳ ಸೀಳಿಗೆ ರಬ್ಬರು. ಇದು ನಮ್ಮ ಆಯ್ಕೆ.

ಆ್ಯಕ್ಷನ್ನಿನ ಉಳಿದ ಚಿಕ್ಕ ಭಾಗಗಳು

ಸಡಿಲವಾದ ಹ್ಯಾಮರ್ ತಲೆಗೆ ಕ್ಲ್ಯಾಂಪು ಹುಡುಕುವುದೇ ತಪ್ಪು. ರಂಧ್ರದಲ್ಲಿ ಶ್ಯಾಂಕು ಸಡಿಲವಾಗಿ ಕೂರುವ ಜೋಡಣೆ ಅದು. ಸಂದು ತುಂಬಬೇಕು, ಒತ್ತಬೇಕಾಗಿಲ್ಲ. ತುಸು ದಪ್ಪಗಿನ ಹೈಡ್ ಗ್ಲೂ ಹಾಕಿ ತಿರುಗಿಸುತ್ತ ಕೂರಿಸಿ, ಶ್ಯಾಂಕಿನ ಸುತ್ತ ಸಣ್ಣ ಕೊರಳಪಟ್ಟಿಯಂತೆ ಅಂಟು ನಿಲ್ಲಬೇಕು. ಒಂದು ನಿಮಿಷದಲ್ಲಿ ಹೆಪ್ಪಾಗುವ ಗುಣವೇ ಇಲ್ಲಿ ಕ್ಲ್ಯಾಂಪಿನ ಕೆಲಸ ಮಾಡುತ್ತದೆ. ಪಿವಿಎ ಹಾಕಿದರೆ ಗಂಟೆಗಟ್ಟಲೆ ತಲೆ ವಾಲದಂತೆ ಕಾಯಬೇಕು.

ಹ್ಯಾಮರ್ ಫೆಲ್ಟು ಭುಜದಲ್ಲಿ ಮರದಿಂದ ಬಿಟ್ಟುಕೊಂಡಿದ್ದರೆ ಎರಡೂ ಭುಜಗಳನ್ನು ಬದಿಯಿಂದ ಒತ್ತಬೇಕು, ತುದಿಯನ್ನಲ್ಲ. ಭುಜದ ಬಾಗಿಗೆ ತಕ್ಕಂತೆ ಕೊರೆದ ಎರಡು ಮೆದು ಮರದ ಪಟ್ಟಿ, ಒಂದು ಚಿಕ್ಕ ತಿರುಪಿನ ಕ್ಲ್ಯಾಂಪು ಸಾಕು. ಬಿಗಿದ ಫೆಲ್ಟು ಎದುರು ಎಳೆಯುವುದರಿಂದ ಕ್ಲಿಪ್ಪು ಇಲ್ಲಿ ನಿಲ್ಲದು. ಅಂಟು ಮರದ ಮೇಲೆ ಮಾತ್ರ, ತೆಳ್ಳಗೆ. ಫೆಲ್ಟಿನೊಳಗೆ ಇಳಿದಲ್ಲಿ ನಾದ ಗಡಸಾಗುತ್ತದೆ.

ವಿಪ್ಪೆನ್ನಿನಿಂದ (ಕೀಯ ಚಲನೆಯನ್ನು ಮೇಲಕ್ಕೆ ಸಾಗಿಸುವ ಸನ್ನೆ) ಕಳಚಿಬಿದ್ದ ಜ್ಯಾಕ್ ಫ್ಲೇಂಜು (ಹ್ಯಾಮರನ್ನು ತಳ್ಳುವ ಜ್ಯಾಕ್ ಎಂಬ ತುಂಡಿನ ಕೀಲು ಹಿಡಿಯುವ ಮರ), ಸೀಳಿದ ಫ್ಲೇಂಜಿನ ಕಿವಿ, ಇಂಥವಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪೋ ಬಾಯಿಗೆ ತೊಗಲು ಅಂಟಿಸಿದ ಶಸ್ತ್ರಚಿಕಿತ್ಸೆಯ ಇಕ್ಕಳವೋ ಸಾಲುತ್ತದೆ. ಇಕ್ಕಳದ ಲಾಭವೆಂದರೆ ಹಲ್ಲು ಹಲ್ಲಾಗಿ ಬೀಗ ಬೀಳುತ್ತದೆ, ಬೆರಳು ಹೋಗದ ಕಡೆ ತಲುಪುತ್ತದೆ. ಕಿವಿಯ ಬಿರುಕಿಗೆ ತೆಳು ಸೂಪರ್ ಗ್ಲೂ ಆದೀತು, ಆದರೆ ಮೊದಲು ಕೀಲಿನ ಸೆಂಟರ್ ಪಿನ್ನನ್ನೂ ಅದರ ಸುತ್ತಲಿನ ಬಟ್ಟೆಯ ಬುಷಿಂಗನ್ನೂ ತೆಗೆದಿಡಿ. ಒಂದು ಹನಿ ಆ ಬಟ್ಟೆಗೆ ಇಳಿದರೂ ಕೀಲು ಶಾಶ್ವತವಾಗಿ ಬಿಗಿಯುತ್ತದೆ. ತಂತಿಯ ನಾದ ನಿಲ್ಲಿಸುವ ಡ್ಯಾಂಪರ್ ಫೆಲ್ಟಿಗೆ ಏನೂ ಬೇಡ. ಗ್ರ್ಯಾಂಡಿನಲ್ಲಿ (ತಂತಿಗಳು ಅಡ್ಡಲಾಗಿ ಮಲಗಿರುವ ಪಿಯಾನೊ) ಫೆಲ್ಟನ್ನು ತಂತಿಯ ಮೇಲೆ ಸರಿಯಾಗಿ ಕೂರಿಸಿ, ಮರದ ತಲೆಗೆ ಅಂಟು ಹಚ್ಚಿ ಮೆಲ್ಲಗೆ ಇಳಿಸಿದರೆ ಡ್ಯಾಂಪರಿನ ತೂಕವೇ ಒತ್ತುತ್ತದೆ. ಅದಕ್ಕಿಂತ ಹೆಚ್ಚು ಒತ್ತಿದರೆ ಫೆಲ್ಟಿನಲ್ಲಿ ತಂತಿಯ ಗುರುತು ಮೂಡುತ್ತದೆ.

ಕೀಗಳು

ಪ್ಲಾಸ್ಟಿಕ್ ಕೀ ಹೊದಿಕೆಗೆ ಬಳಸುವ ಸಂಪರ್ಕದ ಅಂಟು ಮುಟ್ಟಿದಲ್ಲೇ ಹಿಡಿಯುವುದರಿಂದ ಕ್ಲ್ಯಾಂಪಿಗಿಂತ ಸರಿಯಾಗಿ ಇಡುವುದೇ ದೊಡ್ಡದು. ಆಮೇಲೆ ಚಪ್ಪಟೆ ಪಟ್ಟಿಯಿಟ್ಟು ಹಗುರವಾದ ಕ್ಲಿಪ್ಪು ಸಾಕು. ದಂತದ ಹೊದಿಕೆ ಬೇರೆಯೇ ವಿಚಾರ. ಒಂದು ಮಿ.ಮೀ. ಅಥವಾ ಅದಕ್ಕಿಂತ ತೆಳು, ಬೆಳಕು ಹಾಯುವಂಥದ್ದು, ತೇವ ತಾಗಿದ ಕೂಡಲೇ ಸುರುಳುತ್ತದೆ. ಅದಕ್ಕೇ ಬಿಳಿ ಬಣ್ಣದ ಪುಡಿ ಕಲಸಿದ ಹೈಡ್ ಗ್ಲೂ, ಅದಕ್ಕೇ ಹೊದಿಕೆಯ ಅಳತೆಯ ಹಿತ್ತಾಳೆ ಗಟ್ಟಿ. ಹಿತ್ತಾಳೆಯನ್ನು ಕೈಯಲ್ಲಿ ಹಿಡಿಯಲು ಬರುವಷ್ಟೇ ಬಿಸಿ ಮಾಡಿ, ದಂತದ ಮೇಲಿಟ್ಟು, ಕೀಯ ಅಡಿಗೆ ಇನ್ನೊಂದು ಚಪ್ಪಟೆ ತುಂಡು ಕೊಟ್ಟು ಚಿಕ್ಕ ತಿರುಪಿನ ಕ್ಲ್ಯಾಂಪಿನಿಂದ ಬಿಗಿಯಿರಿ. ಆ ಬಿಸಿಯು ಅಂಟನ್ನು ಹೆಪ್ಪಾಗಲು ಬಿಡದೆ ತೆಳುವಾಗಿ ಹರಡಿಸುತ್ತದೆ. ಮರದ ಪಟ್ಟಿ ಈ ಕೆಲಸ ಮಾಡದು. ಹಿತ್ತಾಳೆ ಅತಿಯಾಗಿ ಕಾದರೆ ದಂತ ಬಿರಿಯುತ್ತದೆ. ಮುಂಭಾಗದಲ್ಲಿ ಹೊದಿಕೆ ಮರಕ್ಕಿಂತ ತುಸು ಹೊರಚಾಚಿರುವ ಕಡೆ ಗಟ್ಟಿ ಒತ್ತಬಾರದು, ಕೆಳಗೆ ಆಸರೆಯಿಲ್ಲದೆ ಅಂಚು ಮುರಿಯುತ್ತದೆ.

ಬುಷಿಂಗ್ ಬಟ್ಟೆಗೆ ಒತ್ತುವ ಸಾಧನ ಒಳಗಿನಿಂದ ಹೊರಗೆ ಕೆಲಸ ಮಾಡುತ್ತದೆ: ಕೀಯ ತೂತಿನಲ್ಲಿ ಬಟ್ಟೆ ಅಂಟಿಸಿ ನಡುವೆ ಅಳತೆಯ ಬೆಣೆ ತೂರಿಸುವುದು. ಬೆಣೆಯ ದಪ್ಪ ಆ ಪಿಯಾನೊದ ಪಿನ್ನಿಗೆ ಹೊಂದಬೇಕು. ಕೀ ಸೀಸಾದಂತೆ ತೂಗುವ ಜಾಗದ ಬ್ಯಾಲೆನ್ಸ್ ಪಿನ್ನು ಸಾಮಾನ್ಯವಾಗಿ 3.7 ಮಿ.ಮೀ. ಸುತ್ತ. ದಪ್ಪ ಹೆಚ್ಚಾದರೆ ಬಟ್ಟೆ ಹಿಂಡಿ, ಅಂಟು ಅದರೊಳಗೆ ಹಾದು ಮೇಲ್ಮುಖಕ್ಕೆ ಬಂದು, ಒಣಗಿದ ಮೇಲೆ ಕೀ ಟಕಟಕ ಎನ್ನುತ್ತದೆ. ಲೋಹ, ಪ್ಲಾಸ್ಟಿಕ್, ಮರ ಮೂರರಲ್ಲೂ ಬೆಣೆ ಮಾಡಬಹುದು. ಮರದ್ದು ತೇವ ಕುಡಿದು ಉಬ್ಬುತ್ತದೆ, ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಅಂಟು ಹತ್ತದು, ಇಡೀ ಕೀಬೋರ್ಡಿಗೆ ಅದೇ ಅನುಕೂಲ.

ಬ್ಯಾಲೆನ್ಸ್ ತೂತಿನ ಬಳಿ ಮುರಿದ ಕೀಗೆ ಎರಡು ದಿಕ್ಕಿನ ಹಿಡಿತ ಬೇಕು. ನೇರವಾದ ಹಲಗೆಯ ಮೇಲೆ ಮೇಣದ ಕಾಗದ ಹಾಸಿ, ಒಂದು ಬದಿಗೆ ನೇರ ಪಟ್ಟಿ ಬಿಗಿದು ಕೀಯನ್ನು ಅದಕ್ಕೆ ಒರಗಿಸಿ. ಮೊದಲು ಉದ್ದಕ್ಕೆ ಹಗುರವಾಗಿ ಬಿಗಿದು ಮುರಿತ ಕೂಡಿಸಿ, ಆಮೇಲೆ ಅಡ್ಡಕ್ಕೆ. ಬರೀ ಉದ್ದಕ್ಕೆ ಬಿಗಿದರೆ ಕೀ ಬಿಲ್ಲಿನಂತೆ ಬಾಗುತ್ತದೆ. ತೂತಿನಲ್ಲಿ ಮೇಣ ಸವರಿದ ಪಿನ್ನು ನಿಲ್ಲಿಸಿರಿ, ಇಲ್ಲವಾದರೆ ಅಂಟು ತೂತನ್ನೇ ಮುಚ್ಚುತ್ತದೆ.

ಸೌಂಡ್‌ಬೋರ್ಡಿನಿಂದ ಬಿಟ್ಟುಕೊಂಡ ರಿಬ್ಬು

ಆಯ್ಕೆ ಇಲ್ಲಿ ನಿಜಕ್ಕೂ ಕಠಿಣ, ಏಕೆಂದರೆ ಒತ್ತಲು ಎದುರಾಸರೆಯೇ ಇಲ್ಲ. ಬೋರ್ಡು 6ರಿಂದ 10 ಮಿ.ಮೀ. ದಪ್ಪದ, ಬಾಗುವುದಕ್ಕೆಂದೇ ಮಾಡಿದ ಹಲಗೆ. ಹಿಂದಿನಿಂದ ರಿಬ್ಬನ್ನು ತಳ್ಳಿದರೆ ಬೋರ್ಡೂ ಅದರ ಜೊತೆಗೇ ಮುಂದೆ ಹೋಗುತ್ತದೆ, ಸಂದು ಹಾಗೇ ಉಳಿಯುತ್ತದೆ. ಬೆಣೆ ಬಿಗಿಯಾಯಿತು ಎಂದು ಕೈಗೆ ಅನಿಸುತ್ತದೆ, ಕೆಲಸ ಆಗಿರುವುದಿಲ್ಲ.

ಅಪ್‌ರೈಟಿನಲ್ಲಿ (ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊ) ಬೆನ್ನಿನ ಕಂಬಕ್ಕೂ ರಿಬ್ಬಿಗೂ ನಡುವೆ ಬೆಣೆ ತೂರಿಸುವುದು ಎಲ್ಲಕ್ಕಿಂತ ಸುಲಭ, ಬೋರ್ಡಿನಲ್ಲಿ ಒಂದು ತೂತೂ ಬೀಳದು. ಅದು ಕೆಲಸ ಮಾಡುವುದು ಬ್ರಿಜ್ಜಿನ (ತಂತಿಗಳ ಕಂಪನವನ್ನು ಬೋರ್ಡಿಗೆ ದಾಟಿಸುವ ಮರದ ಪಟ್ಟಿ) ಹಿಂಬದಿಯಲ್ಲಿ, ಏಕೆಂದರೆ ಅಲ್ಲಿ ತಂತಿಗಳು ಮುಂದಿನಿಂದ ಬೋರ್ಡನ್ನು ಒತ್ತಿ ಹಿಡಿದಿರುತ್ತವೆ. ಬೋರ್ಡಿನ ಅಂಚಿನ ಹತ್ತಿರವೂ ಆಗುತ್ತದೆ, ಅಲ್ಲಿ ಹಲಗೆ ಚೌಕಟ್ಟಿಗೆ ಅಂಟಿದೆ. ಇವೆರಡರ ನಡುವಿನ ಬಯಲಿನಲ್ಲಿ ಬೆಣೆಯನ್ನು ನಂಬಬೇಡಿ. ಬಳಸುವುದಾದರೆ ಒಂದಕ್ಕೊಂದು ಎದುರಾದ ಜೋಡಿ ಬೆಣೆ ಬಳಸಿ. ಒಂಟಿ ಬೆಣೆ ರಿಬ್ಬನ್ನು ಪಕ್ಕಕ್ಕೆ ದೂಡುತ್ತದೆ.

ಬಯಲಿನಲ್ಲಿ ಬಿಟ್ಟ ರಿಬ್ಬಿಗೆ ಬೋರ್ಡನ್ನೂ ರಿಬ್ಬನ್ನೂ ಒಂದಕ್ಕೊಂದು ನೇರವಾಗಿ ಎಳೆಯುವ ವಿಧಾನ ಬೇಕು. ಸ್ಕ್ರೂ ಮತ್ತು ಮರದ ಬಿಲ್ಲೆ ಅಂಥದ್ದು. ತಂತಿಗಳ ನಡುವಿನಿಂದ, ಮುಂಬದಿಯಿಂದ, ಬೋರ್ಡಿನ ಮೂಲಕ ರಿಬ್ಬಿಗೆ 2 ಮಿ.ಮೀ. ತೂತು ಕೊರೆದು, ಬೋರ್ಡಿನ ಭಾಗವನ್ನಷ್ಟೇ 4 ಮಿ.ಮೀ.ಗೆ ಹಿಗ್ಗಿಸಿ. ಸ್ಕ್ರೂ 3.5 ಮಿ.ಮೀ. ದಪ್ಪದ್ದು. ಈ ಹಿಗ್ಗಿಸುವ ಹೆಜ್ಜೆ ಬಿಟ್ಟವರ ಕೆಲಸವೇ ಕೆಡುವುದು: ಸ್ಕ್ರೂವಿನ ಎಳೆ ಬೋರ್ಡಿಗೂ ಕಚ್ಚಿದರೆ ಎರಡೂ ಇದ್ದಷ್ಟೇ ದೂರದಲ್ಲಿ ನಿಲ್ಲುತ್ತವೆ, ಎಷ್ಟು ತಿರುಗಿಸಿದರೂ ಹತ್ತಿರ ಬರುವುದಿಲ್ಲ. ಡ್ರಿಲ್ ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿ. ರಿಬ್ಬು ಮಧ್ಯದಲ್ಲಿ 20–25 ಮಿ.ಮೀ. ಎತ್ತರವಿದ್ದರೂ ತುದಿಗಳಲ್ಲಿ ಕೆತ್ತಿ ತೆಳು ಮಾಡಿರುತ್ತಾರೆ, ಅಲ್ಲಿ ಸ್ಕ್ರೂ ಆಚೆ ಹೊರಬರುತ್ತದೆ. ತಲೆಯ ಕೆಳಗೆ 15–20 ಮಿ.ಮೀ. ಅಗಲದ ಗಟ್ಟಿ ಮರದ ಬಿಲ್ಲೆ ಇರಲಿ, ಇಲ್ಲದಿದ್ದರೆ ತಲೆ ಸ್ಪ್ರೂಸಿನೊಳಗೆ ಹೂತುಹೋಗುತ್ತದೆ. 80–100 ಮಿ.ಮೀ.ಗೆ ಒಂದರಂತೆ ಸಾಕು. ಒಣಗಿದ ಮೇಲೆ ಉಳಿಸಲೂಬಹುದು, ತೆಗೆದು ತೂತಿಗೆ ಮರದ ಗೂಟ ಅಂಟಿಸಲೂಬಹುದು.

ದೊಡ್ಡ ತೂತು ಬೇಡವೆನ್ನುವ ಹಳೆಯ, ಬೆಲೆಯುಳ್ಳ ವಾದ್ಯಕ್ಕೆ ತಂತಿಯ ಕುಣಿಕೆ ಇದೆ. ರಿಬ್ಬಿನ ಎರಡು ಬದಿಗೆ ತಾಗಿದಂತೆ 1.2 ಮಿ.ಮೀ.ಯ ಎರಡು ತೂತು. ತೆಳು ಪಿಯಾನೊ ತಂತಿಯನ್ನು ರಿಬ್ಬಿನ ಸುತ್ತ ಹಾಯಿಸಿ ಎರಡೂ ತುದಿಗಳನ್ನು ಮುಂಬದಿಗೆ ತಂದು, ಬಿಲ್ಲೆಯ ಮೇಲಿಟ್ಟ ಕಡ್ಡಿಗೆ ಕಟ್ಟಿ ಕಡ್ಡಿಯನ್ನು ತಿರುವುತ್ತ ಹೋಗಿ. ಒತ್ತಡ ಸ್ಕ್ರೂವಿಗೆ ಕಡಿಮೆಯಿಲ್ಲ. ರಿಬ್ಬಿನ ಅಂಚಿಗೆ ಚೂರು ತೊಗಲು ಕೊಡದಿದ್ದರೆ ತಂತಿ ಅದನ್ನು ಕೊಯ್ಯುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಇದರ ಜೊತೆ ನಿಧಾನದ ಅಂಟೇ ಆಗಬೇಕು.

ಬಾಗುಕಡ್ಡಿ, ಗೋ-ಬಾರ್ ಎನ್ನುವುದು, ಬೋರ್ಡು ಪಿಯಾನೊದಿಂದ ಹೊರಗಿದ್ದಾಗ ಮಾತ್ರ ನಿಜವಾದ ರಾಜ. ಕೆಳಗೆ ಗಟ್ಟಿ ಹಾಸು, ಮೇಲೆ ಗಟ್ಟಿ ಮಾಡು. ನಡುವಿನ ಎತ್ತರಕ್ಕಿಂತ ತುಸು ಉದ್ದದ ಕಡ್ಡಿಗಳನ್ನು ಬಾಗಿಸಿ ಸಿಕ್ಕಿಸುವುದು. ಬಾಗಿದ ಕಡ್ಡಿ ತಳ್ಳುವ ಬಲ ಅದೆಷ್ಟು ಬಾಗಿದೆ ಎಂಬುದರ ಮೇಲೆ ಹೆಚ್ಚಾಗಿ ನಿಂತಿಲ್ಲ ಎಂಬುದು ಇದರ ಸೊಗಸು. ಕಡ್ಡಿಯ ದಪ್ಪ, ಅಗಲ, ಉದ್ದ ತೀರ್ಮಾನಿಸಿದರೆ ಬಲ ತೀರ್ಮಾನವಾದಂತೆ. ಆ್ಯಶ್ ಮರದ 6 ಮಿ.ಮೀ. ದಪ್ಪ, 25 ಮಿ.ಮೀ. ಅಗಲ, 750 ಮಿ.ಮೀ. ಉದ್ದದ ಕಡ್ಡಿ ಸುಮಾರು 9–10 ಕಿಲೊ ತಳ್ಳುತ್ತದೆ. ದಪ್ಪವನ್ನು ಇಮ್ಮಡಿ ಮಾಡಿದರೆ ಬಲ ಎಂಟು ಪಟ್ಟು, ಉದ್ದವನ್ನು ಇಮ್ಮಡಿ ಮಾಡಿದರೆ ಕಾಲು ಭಾಗ. ಹಾಗಾಗಿ ಉಬ್ಬಿದ ಬೋರ್ಡಿನ ಮೇಲೆ ಎತ್ತರ ಬದಲಾದರೂ ಒತ್ತಡ ಎಲ್ಲೆಡೆ ಬಹುತೇಕ ಸಮ. ತಿರುಪಿನ ಕ್ಲ್ಯಾಂಪು ಇದನ್ನು ಕೊಡಲಾರದು. ಆದರೆ 10 ಕಿಲೊದ ಕಡ್ಡಿ 30 ಮಿ.ಮೀ.ಗೊಂದು ನಿಲ್ಲಿಸಿದರೂ ಪಿವಿಎ ಕೇಳುವ ಒತ್ತಡ ಬಾರದು. ಬಾಗುಕಡ್ಡಿಯ ಜೊತೆ ನಿಖರವಾಗಿ ಹೊಂದಿಸಿದ ಜೋಡಣೆ, ಬೆಚ್ಚಗಿನ ಮರ, ಹೈಡ್ ಗ್ಲೂ ಇರಬೇಕು. ಅಥವಾ ಕಡ್ಡಿಗಳೇ ದಪ್ಪವಾಗಬೇಕು. ಗ್ರ್ಯಾಂಡಿನ ಕೆಳಗೆ ನೆಲದಿಂದ ರಿಬ್ಬಿಗೆ ಕಡ್ಡಿ ಬಾಗಿಸಿ ನಿಲ್ಲಿಸುವವರಿದ್ದಾರೆ. ಬೆಣೆಯ ತಾಪತ್ರಯವೇ ಅಲ್ಲೂ. ಜಾರಿದ ಕಡ್ಡಿ ಬಾಣದಂತೆ ಹಾರುತ್ತದೆ, ಕಣ್ಣಿಗೆ ಕನ್ನಡಕ ಹಾಕಿರಿ.

ಬೋರ್ಡಿನ ಬಿರುಕಿಗೆ ಕೂರಿಸುವ ತೆಳು ಸ್ಪ್ರೂಸ್ ಪಟ್ಟಿಗೆ ಯಾವ ಕ್ಲ್ಯಾಂಪೂ ಬೇಡ. ಅಡ್ಡಕೊಯ್ತದಲ್ಲಿ ಅದು ವಿ ಆಕಾರ, ಮೆಲ್ಲಗೆ ತಟ್ಟಿದರೆ ತನ್ನ ಇಳಿಜಾರಿನಿಂದಲೇ ಬಿಗಿಯಾಗುತ್ತದೆ. ಜೋರಾಗಿ ಹೊಡೆದರೆ ಬಿರುಕು ಮುಂದಕ್ಕೆ ಓಡುತ್ತದೆ.

ಬ್ರಿಜ್ಜು

ಪಿನ್ನುಗಳ ಸಾಲಿನಲ್ಲಿ ಬಿರುಕು ಬಿಟ್ಟ ಬ್ರಿಜ್ಜಿಗೆ ತಂತಿ ಸಡಿಲಿಸಿ, ಪಿನ್ನು ಕಿತ್ತು, ತೆಳು ಎಪಾಕ್ಸಿ ಇಳಿಸಿ ಬದಿಯಿಂದ ಒತ್ತುವುದು ವಾಡಿಕೆ. ಬದಿಗಳು ಓರೆಯಾಗಿ ಕೊರೆದಿರುವುದರಿಂದ ಸಿ-ಕ್ಲ್ಯಾಂಪು ಮೇಲಕ್ಕೆ ಜಾರಿ ಬರುತ್ತದೆ. ಅದೇ ಓರೆಗೆ ಕತ್ತರಿಸಿದ ಜೋಡಿ ಒತ್ತುಪಟ್ಟಿ ಮಾಡಿಕೊಳ್ಳಿ. ಬಿರುಕಿನ ಬಾಯಿ ಕೂಡಿದ ಕೂಡಲೇ ನಿಲ್ಲಿಸಿ, ಎಪಾಕ್ಸಿಗೆ ಅದಕ್ಕಿಂತ ಹೆಚ್ಚು ಬೇಡ. ಬ್ರಿಜ್ಜಿಗೆ ಹೊಸ ಮೇಪಲ್ ತಲೆಹಲಗೆ ಅಂಟಿಸುವುದಾದರೆ ಮಾತು ಬೇರೆ. ಅಲ್ಲಿ ಉದ್ದಕ್ಕೂ ಬಲವಾದ ಒತ್ತಡ ಬೇಕು, ಬೋರ್ಡು ಪಿಯಾನೊದೊಳಗೇ ಇದ್ದರೆ ಯಾವ ಕ್ಲ್ಯಾಂಪಿನ ಬಾಯಿಯೂ ಅಷ್ಟು ಆಳಕ್ಕೆ ತಲುಪದು. ಆಮೇಲೆ ಕೆತ್ತಿ ತೆಗೆಯುವ ಜಾಗಗಳಲ್ಲಿ ತಾತ್ಕಾಲಿಕ ಸ್ಕ್ರೂ ಹಾಕುವುದೇ ಒಳ್ಳೆಯ ದಾರಿ. ತಲೆಹಲಗೆಯಲ್ಲಿ ಸಡಿಲ ತೂತು, ಕೆಳಗಿನ ಮರದಲ್ಲಿ ಬಿಗಿ ತೂತು, ರಿಬ್ಬಿಗೆ ಹೇಳಿದ ನಿಯಮವೇ.

ಬಾಯಿಬಿಟ್ಟ ಬೆನ್ನು

ಅಪ್‌ರೈಟಿನ ನೆತ್ತಿಯಲ್ಲಿ ಪಿನ್‌ಬ್ಲಾಕಿಗೂ (ಟ್ಯೂನಿಂಗ್ ಪಿನ್ನುಗಳನ್ನು ಹಿಡಿದ ಮರದ ಹಲಗೆ) ಹಿಂದಿನ ಕಂಬಗಳಿಗೂ ನಡುವೆ ನಾಣ್ಯ ತೂರುವಷ್ಟು ಸಂದು ಕಂಡರೆ ಇಡೀ ವಾದ್ಯ ಬಿಚ್ಚಿಕೊಳ್ಳುತ್ತಿದೆ ಎಂದರ್ಥ. ಶ್ರುತಿ ನಿಲ್ಲುವುದಿಲ್ಲ. ಇದನ್ನು ಕ್ಲ್ಯಾಂಪಿನಿಂದಲೇ ಮುಚ್ಚಲು ಹೋಗುವುದು ದೊಡ್ಡ ತಪ್ಪು. ಒಂದೊಂದು ತಂತಿಯ ಸೆಳೆತ 70–90 ಕಿಲೊ, ತಂತಿಗಳು 220ರ ಸುಮಾರು. ಈ ಮೊತ್ತದ ಎದುರು ಕ್ಲ್ಯಾಂಪು ಗೆಲ್ಲುವುದಿಲ್ಲ. ಮೊದಲು ತಂತಿಗಳನ್ನು ಇಳಿಸಿ. ಬಾಸಿನಿಂದ ತುದಿಯವರೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ಹಲವು ಸುತ್ತಿನಲ್ಲಿ. ಒಂದು ಬದಿ ಪೂರ್ತಿ ಸಡಿಲಿಸಿ ಇನ್ನೊಂದು ಬದಿ ಹಾಗೇ ಬಿಟ್ಟರೆ ಎರಕದ ಕಬ್ಬಿಣದ ಪ್ಲೇಟಿಗೆ ಓರೆ ಭಾರ ಬೀಳುತ್ತದೆ.

ಸಂದಿನ ದೂಳನ್ನು ಗಾಳಿಯಿಂದ ಊದಿ, ಹ್ಯಾಕ್ಸಾ ಬ್ಲೇಡಿನಿಂದ ಹಳೆ ಅಂಟು ಕೆರೆದು ತೆಗೆಯಿರಿ. ಬದಿಗಳಿಗೆ ಟೇಪಿನ ಕಟ್ಟೆ ಕಟ್ಟಿ. ಅಂಟಿಲ್ಲದೆ ಒಮ್ಮೆ ಬಿಗಿದು ನೋಡಿ. ಪೂರ್ತಿ ಕೂಡಿದರೆ ಪಿವಿಎ ಆದೀತು. ಒಂದು ಮಿ.ಮೀ.ಯಷ್ಟಾದರೂ ಉಳಿದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಸರಿ, ಅದು ಸಂದನ್ನು ಬಲವಾಗಿ ತುಂಬುತ್ತದೆ. ಐದು ನಿಮಿಷದ ಎಪಾಕ್ಸಿ ಕೆಳಗಿಳಿಯುವ ಮೊದಲೇ ಕಲ್ಲಾಗುತ್ತದೆ.

ಕ್ಲ್ಯಾಂಪಿನ ಆಯ್ಕೆಯಲ್ಲಿ ಕಬ್ಬಿಣದ ಭಾರಿ ಸಿ-ಕ್ಲ್ಯಾಂಪಿಗೂ ಎಫ್ ಆಕಾರದ ಬಾರ್ ಕ್ಲ್ಯಾಂಪಿಗೂ ನಡುವೆ ಸಿ-ಕ್ಲ್ಯಾಂಪೇ ಮೇಲು. ಬಾರ್ ಕ್ಲ್ಯಾಂಪಿನ ಕಂಬಿ ಭಾರಕ್ಕೆ ಬಾಗಿ ಬಾಯಿ ಓರೆಯಾಗುತ್ತದೆ, ಆಗ ಒತ್ತಡ ಅಂಚಿಗೆ ಬೀಳುತ್ತದೆ. ಐದಾರು ಕ್ಲ್ಯಾಂಪು, ಪ್ರತಿ ಕಂಬದ ನೇರಕ್ಕೊಂದು, ಎರಡೂ ಬದಿಗೆ 40 ಮಿ.ಮೀ. ದಪ್ಪದ ಗಟ್ಟಿ ಮರದ ಪಟ್ಟಿ. ಮುಂಬದಿಯಲ್ಲಿ ಪಿನ್‌ಬ್ಲಾಕಿನ ಮೇಲೆ ಪ್ಲೇಟು ಹೊದ್ದಿದ್ದರೆ, ಹಿಂದೆ ಮರದ ಆಸರೆಯಿರುವ ಜಾಗದಲ್ಲಿ ಮಾತ್ರ ಒತ್ತಿ. ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗದೆ, ಎಲ್ಲವನ್ನೂ ಕಾಲು ಕಾಲು ಸುತ್ತಿನಂತೆ ಸರದಿಯಲ್ಲಿ ಬಿಗಿಯಿರಿ.

ಕ್ಲ್ಯಾಂಪು ತೆಗೆದ ಮೇಲೆ ಅಂಟೊಂದನ್ನೇ ನಂಬುವಂತಿಲ್ಲ. ಕ್ಲ್ಯಾಂಪು ಇರುವಾಗಲೇ 10 ಮಿ.ಮೀ. ದಪ್ಪದ ಬೋಲ್ಟನ್ನೋ ಉದ್ದನೆಯ ಕೋಚ್ ಸ್ಕ್ರೂವನ್ನೋ ಅಗಲ ವಾಷರಿನೊಂದಿಗೆ ಹಿಂದಿನಿಂದ ಹಾಕಿ. ಜಾಗ ಟ್ಯೂನಿಂಗ್ ಪಿನ್ನುಗಳ ಗುಂಪುಗಳ ನಡುವೆ, ಪ್ಲೇಟಿನ ಅಡ್ಡೆಗಳ ನೇರಕ್ಕೆ. ಪಿನ್ನಿನ ತುದಿಗೆ ತಾಗಿದರೆ ಡ್ರಿಲ್ಲೂ ಹೋಯಿತು, ಪಿನ್ನೂ ಹೋಯಿತು. ಕ್ಲ್ಯಾಂಪು ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಇರಲಿ. ಆಮೇಲೆ ಶ್ರುತಿಯನ್ನು ಮೂರು ಹಂತದಲ್ಲಿ ಏರಿಸಿ, ಪ್ರತಿ ಹಂತದ ನಂತರ ಸಂದಿಗೆ ತೆಳು ಕಾಗದ ತೂರಿಸಿ ಪರೀಕ್ಷಿಸಿ.

ಹೊರಗಿನ ವೆನೀರು

ಎದ್ದ ವೆನೀರಿನ (ಮೇಲೆ ಅಂಟಿಸಿದ ತೆಳು ಮರದ ಹಾಳೆ) ಕೆಳಗೆ ಹಳೆಯ ಹೈಡ್ ಗ್ಲೂ ಇದ್ದರೆ ಹೊಸ ಅಂಟಿಗೂ ಮೊದಲು ಬಿಸಿಯನ್ನು ಯತ್ನಿಸಿ: ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ, ಕೂಡಲೇ ತಣ್ಣನೆಯ ಭಾರವಾದ ಪಟ್ಟಿ. ಮೇಲಿನ ಪಾಲಿಶ್ ಶೆಲ್ಯಾಕ್ ಆದರೆ ಬೆಳ್ಳಗಾಗುತ್ತದೆ, ಅಲ್ಲಿ ಬೇಡ. ಚಪ್ಪಟೆ ಜಾಗಕ್ಕೆ ಪಟ್ಟಿ ಮತ್ತು ತಿರುಪಿನ ಕ್ಲ್ಯಾಂಪು, ಪಟ್ಟಿಯ ಒಳಮುಖ ಮಧ್ಯದಲ್ಲಿ ಒಂದು ಮಿ.ಮೀ. ಉಬ್ಬಿದ್ದರೆ ಅಂಟು ನಡುವಿನಿಂದ ಅಂಚಿಗೆ ಹರಿಯುತ್ತದೆ. ಗ್ರ್ಯಾಂಡಿನ ಬಾಗಿದ ಬದಿಗೆ ಮರಳು ತುಂಬಿದ ಚೀಲವನ್ನು ಪಟ್ಟಿಯ ಹಿಂದೆ ಕೊಟ್ಟು ಒತ್ತಿ, ಅಥವಾ ಆ ಬಾಗಿಗೆ ಕತ್ತರಿಸಿದ ದಪ್ಪ ಥರ್ಮೊಕೋಲ್ ತುಂಡು ಬಳಸಿ. ಅಂಚಿನ ಚಿಕ್ಕ ಚಕ್ಕೆಗೆ ಕ್ಲ್ಯಾಂಪಿಗಿಂತ ಮಾಸ್ಕಿಂಗ್ ಟೇಪನ್ನು ಹಿಗ್ಗಿಸಿ ಎಳೆದು ಅಂಟಿಸುವುದು ಉತ್ತಮ. ಕೀಳುವಾಗ ಟೇಪನ್ನು ಮರಕ್ಕೆ ಒತ್ತಿಕೊಂಡಂತೆ ಹಿಂದಕ್ಕೆ ಮಡಚಿ ಎಳೆಯಿರಿ, ನೇರ ಮೇಲಕ್ಕೆ ಎತ್ತಿದರೆ ಹಳೆಯ ಪಾಲಿಶೂ ಅದರೊಡನೆ ಏಳುತ್ತದೆ.